ಗೆರೆಯ ಯಾವ ಪಕ್ಕ?



ಎರಡು ಚರಾಕ್ಷರಗಳ ರೇಖಾತ್ಮಕ ಅಸಮತೆಗಳನ್ನು ನಕ್ಷೆಯಲ್ಲಿ ಬಿಡಿಸುವ ಭಾಗವನ್ನು ಹನ್ನೊಂದನೆಯ ತರಗತಿಯ ಗಣಿತದಿಂದ ಎನ್.ಸಿ.ಇ.ಆರ್.ಟಿ.ಯು 2022ರ ಪಠ್ಯಕಡಿತದಲ್ಲಿ ಕೈಬಿಟ್ಟಿತು. ನಮ್ಮ ಪಿ.ಯು. ಕಾಲೇಜುಗಳಲ್ಲಿಯೂ ಆ ಮಂಡಳಿಯ ಪುಸ್ತಕಗಳೇ ನಡೆಯುತ್ತವೆ. ಕೊರೋನಾ ಕಾಲದ ಮಕ್ಕಳ ಹೊರೆಯನ್ನು ಇಳಿಸಬೇಕೆಂಬ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹನ್ನೆರಡನೆಯ ತರಗತಿಯಲ್ಲಿ ರೇಖಾತ್ಮಕ ಕ್ರಮವಿಧಿಯ ನಕ್ಷಾವಿಧಾನ ಹಾಗೆಯೇ ಉಳಿದಿದೆ. ಮೆಟ್ಟಿಲನ್ನು ಕಿತ್ತು ಅಟ್ಟವನ್ನು ಉಳಿಸಿಕೊಂಡಂತಾಯಿತು.

ಕೊತ್ತಗೆರೆಯ ಕಡೆಯ ರೈತನೊಬ್ಬನಿಗೆ 4 ಎಕರೆ ಹೊಲವೂ 12 ಗಾಡಿ ಗೊಬ್ಬರವೂ ಇವೆ ಎಂದುಕೊಳ್ಳಿ. ರಾಗಿಗೆ ಎಕರೆಗೆ 6 ಗಾಡಿ, ಹುರುಳಿಗೆ 2 ಗಾಡಿ ಸಾಕು. (ಲೆಕ್ಕದ ಸುಲಭಕ್ಕಾಗಿ ಇಟ್ಟ ಸಂಖ್ಯೆಗಳಿವು, ಬೇಸಾಯ ಬಲ್ಲವರು ಕ್ಷಮಿಸಬೇಕು.) ರಾಗಿ 'ಕ್ಷ' ಎಕರೆ, ಹುರುಳಿ 'ಯ' ಎಕರೆ ಆದರೆ ಕ್ಷ + ಯ ≤ 4, ಮತ್ತು 3ಕ್ಷ + ಯ ≤ 6. ಎರಡು ಗೆರೆಗಳನ್ನು ಎಳೆಯುವುದನ್ನು ಹತ್ತನೆಯ ತರಗತಿಯ ಹುಡುಗನೂ ಬಲ್ಲ. ಅವನಿಗೆ ತಿಳಿಯದಿರುವುದು, ಉತ್ತರವು ಗೆರೆಯ ಯಾವ ಪಕ್ಕದಲ್ಲಿದೆ ಎಂಬುದು. ಅದಕ್ಕೆ ಮೂಲಬಿಂದುವನ್ನೇ ಕೇಳಬೇಕು: ಏನನ್ನೂ ಬಿತ್ತದವನಿಗೆ 4 ಎಕರೆ ಸಾಲುವುದೇ? ಸಾಲುತ್ತದೆ. ಆದುದರಿಂದ ಮೂಲಬಿಂದುವಿರುವ ಪಕ್ಕವೇ ನಮ್ಮದು. ಪೂರ್ತಿ 4 ಎಕರೆಯನ್ನೂ ಬಿತ್ತಬಹುದಾದ್ದರಿಂದ ಗೆರೆ ಅಖಂಡ. '4ಕ್ಕಿಂತ ಕಡಿಮೆ' ಎಂದಿದ್ದರೆ ತುಂಡುಗೆರೆ. ಋಣಸಂಖ್ಯೆಯ ಎಕರೆ ಯಾರಲ್ಲಿಯೂ ಇಲ್ಲವಾದ್ದರಿಂದ ಕೊನೆಗೆ ಉಳಿಯುವುದು (0,0), (2,0), (1,3), (0,4) ಮೂಲೆಗಳ ಚತುರ್ಭುಜ. ಬರೀ ರಾಗಿಯನ್ನೇ ಬಿತ್ತಿದರೆ 2 ಎಕರೆಗೆ ಗೊಬ್ಬರ ಮುಗಿದು ಉಳಿದ ನೆಲ ಪಾಳು. (1,3)ರಲ್ಲಿ ನೆಲವೂ ಗೊಬ್ಬರವೂ ಸರಿಯಾಗಿ ತೀರುತ್ತವೆ.

ಸಮೀಕರಣವು ಒಂದೇ ಉತ್ತರವನ್ನು ಹುಡುಕಲು ಕಲಿಸುತ್ತದೆ. ಅಸಮತೆಯು, ಸಾಧ್ಯವಾದ ಉತ್ತರಗಳೆಲ್ಲ ಎಲ್ಲಿವೆ, ಎಲ್ಲಿಗೆ ನಿಲ್ಲುತ್ತವೆ ಎಂಬುದನ್ನು ಕಣ್ಣಿಗೆ ಕಾಣಿಸುತ್ತದೆ. ಸಂಸಾರದ ಲೆಕ್ಕಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು. 1939ರಲ್ಲಿ ರಷ್ಯಾದ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಗಾಗಿ ಮಾಡಿದ್ದೂ, 1947ರಲ್ಲಿ ಅಮೆರಿಕದ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನವೆಂದು ರೂಪಿಸಿದ್ದೂ ಇದರ ದೊಡ್ಡಣ್ಣನನ್ನೇ. ಅಲ್ಲಿ ಚರಾಕ್ಷರಗಳು ಬಹಳ, ಹಾಳೆಯ ಮೇಲೆ ಬರೆಯಲಾಗದು. ಆದರೂ ಹುಡುಕಾಟ ಮೂಲೆಯಿಂದ ಮೂಲೆಗೇ.

ಕನ್ನಡ ಮಾಧ್ಯಮದಿಂದ ವಿಜ್ಞಾನ ಸೇರಿ ಭಾಷೆಯೊಡನೆಯೇ ಹೆಣಗುವ ಮಕ್ಕಳಿಗೆ ಚಿತ್ರವೇ ದೊಡ್ಡ ಆಸರೆ. ಕಡಿತದವರು ಮೊದಲು ಕೈಹಾಕಿದ್ದು ಅದಕ್ಕೇ. ಪರೀಕ್ಷೆಗೆ ಬಾರದಿದ್ದರೂ ಉಪನ್ಯಾಸಕರು ಎರಡು ಪಿರಿಯಡ್ ಇದಕ್ಕೆ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ನಿಮಗೊಂದು ಮನೆಗೆಲಸ. ರೈತನ ಮಡದಿ, ಮುದ್ದೆಗೆ ಬೇಕೆಂದು, ಹುರುಳಿಗಿಂತ ರಾಗಿ ಕಡಿಮೆಯಾಗಕೂಡದೆಂದು ಪಟ್ಟುಹಿಡಿದಳೆನ್ನಿ. ಈ ಗೆರೆ ಮೂಲಬಿಂದುವಿನ ಮೇಲೆಯೇ ಹಾದುಹೋಗುವುದರಿಂದ ಅದನ್ನು ಕೇಳಿ ಫಲವಿಲ್ಲ, ಬೇರೊಂದು ಬಿಂದುವನ್ನು ಕೇಳಿ. ನಾಲ್ಕು ಮೂಲೆಗಳು ಮೂರಾಗುತ್ತವೆ, ಕಡೇಪಕ್ಷ ಒಂದು ಎಕರೆ ಪಾಳು ಬೀಳುತ್ತದೆ. ಹೇಗೆಂದು ಚೌಕುಳಿ ಹಾಳೆಯಲ್ಲಿ ಬರೆದು ತೋರಿಸಿ.