ಕಿಟ್ ತರಿಸೋದು ಸಾಕು, ಕನ್ನಡಿ ಉಜ್ಜೋಣ

ಕೊನೇ ವರ್ಷದ ಪ್ರಾಜೆಕ್ಟ್ ಅಂದ್ರೆ ಈಗ ಏನು ಹೇಳ್ರಿ? ಆನ್‌ಲೈನ್‌ನಲ್ಲಿ ಕಿಟ್ ತರಿಸೋದು, ಜೋಡಿಸೋದು, ರಿಪೋರ್ಟ್ ಬೈಂಡ್ ಮಾಡಿಸೋದು. ವೈವಾ ಮುಗಿದರೆ ಅದೂ ಮುಗೀತು. ಇದು ಬದಲಾಗಬೇಕು ಅಂತ ನಮ್ಮ ವಾದ. ಅದಕ್ಕೆ ನಾವು ನೆನಪಿಸಿಕೊಳ್ಳೋದು ಒಬ್ಬ ಖಗೋಳ ವಿಜ್ಞಾನಿಯನ್ನು: ವೈನು ಬಪ್ಪು (1927–1982).

ಹಾರ್ವರ್ಡ್‌ನಲ್ಲಿ ಓದುವಾಗಲೇ, 1949ರಲ್ಲಿ, ಒಂದು ಧೂಮಕೇತುವನ್ನು ಕಂಡುಹಿಡಿದವರು. ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲ ಅಳೆದು ಅದರ ನಿಜವಾದ ಪ್ರಕಾಶ ತಿಳಿಯಬಹುದೆಂದು 1957ರಲ್ಲಿ ಓಲಿನ್ ವಿಲ್ಸನ್ ಜೊತೆ ತೋರಿಸಿದರು. ಅಷ್ಟೊತ್ತಿಗಾಗಲೇ ಅವರು ಅಮೆರಿಕ ಬಿಟ್ಟು ಭಾರತಕ್ಕೆ ಮರಳಿದ್ದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಮುಖ್ಯಸ್ಥರಾದರು. ರಾತ್ರಿಯ ವೀಕ್ಷಣೆಗೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ಅಲ್ಲಿ ಮೊದಲು ಕೆಲಸ ಶುರುಮಾಡಿದ್ದು ಅವರದೇ ವರ್ಕ್‌ಶಾಪ್‌ನಲ್ಲಿ ತಯಾರಾದ 38 ಸೆಂ.ಮೀ. ದೂರದರ್ಶಕ.

ಎಲ್ಲವನ್ನೂ ಇಲ್ಲೇ ಮಾಡಬೇಕೆಂಬ ಹಟ ಅವರಿಗಿರಲಿಲ್ಲ. 1 ಮೀಟರಿನ ದೂರದರ್ಶಕವನ್ನು ಜರ್ಮನಿಯಿಂದ ತರಿಸಿದರು. ಆದರೆ ಮುಂದಿನ 2.34 ಮೀಟರಿನದು ಮಾತ್ರ ಇಲ್ಲೇ ಆಗಬೇಕೆಂದರು. ಅದರ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದು ಮುಗಿಯುವ ಮುಂಚೆಯೇ, 55ನೇ ವಯಸ್ಸಿಗೆ ಬಪ್ಪು ತೀರಿಕೊಂಡರು. ಕಲಿತ ಕೈಗಳು ಉಳಿದಿದ್ದವು, ಕೆಲಸ ನಿಲ್ಲಲಿಲ್ಲ. 1986ರಲ್ಲಿ ದೂರದರ್ಶಕಕ್ಕೆ ಅವರದೇ ಹೆಸರಿಟ್ಟರು.

ನಮಗೆ ಬೇಕಾದ್ದು ಈ ಕೈಗಳು. 15 ಸೆಂ.ಮೀ. ಕನ್ನಡಿಗೆ ಎರಡು ಗಾಜಿನ ಬಿಲ್ಲೆ, ಕಾರ್ಬೊರಂಡಮ್ ಪುಡಿ, ನೀರು, ಬಹಳ ತಾಳ್ಮೆ ಬೇಕು. ಆಕಾರ ಸರಿ ಬಂತಾ ಅಂತ ನೋಡಲು ಒಂದು ಸಣ್ಣ ದೀಪ, ಒಂದು ಬ್ಲೇಡು ಸಾಕು. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತಪ್ಪನ್ನೂ ಈ ಪರೀಕ್ಷೆ ತೋರಿಸುತ್ತದೆ. ಟಾಲರೆನ್ಸ್ ಅಂದ್ರೆ ಏನು ಅಂತ ಆಗ ಅರ್ಥ ಆಗ್ತದ. ಸ್ಟ್ಯಾಂಡಿಗೆ ಬೇಕಾದ ಎರಕ, ಲೇಥ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ ಇದೆಯಲ್ಲ!

ನೋಡೋದು ಎಲ್ಲಿಂದ? ಬೆಳಗಾವಿಯ ಬೀದಿದೀಪಗಳ ಕೆಳಗೆ ಬೇಡ, ರೈಲು ಹತ್ತಿ ಲೋಂಡಾಕ್ಕೆ ಹೋಗೋಣ. ಸ್ಟೇಷನ್ನಿನ ದೀಪ ದಾಟಿ ಊರ ಹೊರಗೆ ಬಂದರೆ ಕತ್ತಲೆ ಇನ್ನೂ ಉಳಿದಿದೆ. ಮಳೆಗಾಲದಲ್ಲಿ ಅಲ್ಲಿ ಆಕಾಶವೇ ಕಾಣಲ್ಲ, ನಿಜ. ಹಾಗಾಗಿ ದೊಡ್ಡ ವೀಕ್ಷಣಾಲಯಕ್ಕೆ ಅದು ತಕ್ಕ ಜಾಗವಲ್ಲ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳು ನಮಗೆ ಸಾಕು.

ಮೊಬೈಲಿನಲ್ಲೇ ಒಳ್ಳೊಳ್ಳೆ ಫೋಟೊ ಸಿಗ್ತಾವಲ್ಲ ಅಂತೀರಾ? ಸಿಗ್ತಾವ. ಅವನ್ನು ತೆಗೆದ ಯಂತ್ರ ಮಾಡಿದವರೂ ಎಂಜಿನಿಯರುಗಳೇ. ಈ ವರ್ಷ ಒಂದು ಕನ್ನಡಿ ಶುರುಮಾಡೋಣ. ಮುಗಿಯದಿದ್ದರೆ ಜೂನಿಯರ್‌ಗಳು ಮುಗಿಸಲಿ.