ನಿನ್ನೆಯ ನೀರು, ಇಂದಿನ ಫಲಕ

ಅಮೆರಿಕದ ಮಿಚಿಗನ್ ಸರೋವರದ ತೀರದಲ್ಲಿರುವ ಶಿಕಾಗೋ ನಗರದಲ್ಲಿ ಬೇಸಗೆ ಬಂದಿತೆಂದರೆ ಆಬಾಲವೃದ್ಧರಾಗಿ ಜನರು ಸಾರ್ವಜನಿಕ ಸ್ನಾನತೀರಗಳಿಗೆ ಹೋಗಿ ನೆರೆಯುವರು. ಆ ಊರಿನಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಈಜುವುದು ಆ ನೀರಿನಲ್ಲಿಯೇ. ಜೋರು ಮಳೆಯಾದಾಗ ಬೀದಿಯ ಕೊಳೆಯೂ, ಮಳೆಯಿಲ್ಲದ ದಿನಗಳಲ್ಲಿ ಕಡಲಹಕ್ಕಿಗಳ ಹಿಕ್ಕೆಯೂ ತೀರದ ನೀರನ್ನು ಕೆಡಿಸುವುದುಂಟು. (ಹಕ್ಕಿಗಳನ್ನು ಅಟ್ಟಲು ಕುರಿಕಾಯುವ ನಾಯಿಗಳನ್ನು ಬಿಟ್ಟು ನೋಡಿದರು, ಕ್ರಿಮಿಗಳು ನಿಜವಾಗಿಯೂ ಇಳಿದವು!) ಆದುದರಿಂದ ಅಧಿಕಾರಿಗಳು ನೀರನ್ನು ಪರೀಕ್ಷಿಸಿ ಎಚ್ಚರಿಕೆಯನ್ನು ಪ್ರಕಟಿಸುವರು. ಈ ಏರ್ಪಾಡು ಸ್ತುತ್ಯವಾದುದೇ. ಆದರೆ ಆ ಎಚ್ಚರಿಕೆಯು ಯಾವ ದಿನದ ನೀರಿಗೆ ಸಂಬಂಧಿಸಿದ್ದು?

ಆ ದೇಶದ ಹಲವು ಸಂಸ್ಥಾನಗಳಲ್ಲಿ ೧೦೦ ಮಿಲಿಲೀಟರು ನೀರಿನಲ್ಲಿ ಈ.ಕೋಲೈ ಕ್ರಿಮಿಗಳು ೨೩೫ನ್ನು ಮೀರಿದರೆ ಎಚ್ಚರಿಕೆ ಕೊಡುವ ರೂಢಿಯಿದೆ. ಈ ಕ್ರಿಮಿಗಳಲ್ಲಿ ಬಹುಪಾಲು ತಾವಾಗಿ ಅಪಾಯಕರವಲ್ಲ. ನೀರಿಗೆ ಮಲವು ಸೇರಿದೆಯೆಂಬುದಕ್ಕೆ ಅವು ಸಾಕ್ಷಿಗಳು ಮಾತ್ರ. ಆದರೆ ಈ ಸಾಕ್ಷಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿ ಎಣಿಸಲು ೧೮ರಿಂದ ೨೪ ಗಂಟೆಗಳು ಬೇಕು. ಅಷ್ಟರಲ್ಲಿ ಗಾಳಿ ತಿರುಗಿ, ಅಲೆಗಳು ಬದಲಾಗಿ, ನೀರೇ ಬೇರೆಯಾಗಿರುತ್ತದೆ. ಶನಿವಾರ ಮಗುವು ಕೊಳೆನೀರನ್ನು ಕುಡಿದುದು ತಂದೆಗೆ ಭಾನುವಾರ ತಿಳಿಯುವುದು. ಭಾನುವಾರ ನೀರು ತಿಳಿಯಾಗಿದ್ದರೂ ಎಚ್ಚರಿಕೆಯ ಫಲಕವು ಮಾತ್ರ ನಿಂತಿರುವುದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವುದೆಂದರೆ ಇದೇ ಅಲ್ಲವೆ?

ಶಿಕಾಗೋ ನಗರದವರು ಇದನ್ನು ಮನಗಂಡು, ೨೦೧೭ರಲ್ಲಿ ತಮ್ಮ ತೀರಗಳಿಗೆಲ್ಲ ಬೇರೊಂದು ಪರೀಕ್ಷೆಯನ್ನು ತಂದರು. ಎಂಟರೊಕಾಕಸ್ ಎಂಬ ಇನ್ನೊಂದು ಮಲಸೂಚಕ ಕ್ರಿಮಿಯು ಬೆಳೆಯುವವರೆಗೆ ಕಾಯದೆ ಅದರ ಡಿ.ಎನ್.ಎ.ಯನ್ನೇ ಅಳೆಯುವ ಈ ಕ್ರಮದಿಂದ ಕೆಲವೇ ಗಂಟೆಗಳಲ್ಲಿ ಫಲಿತಾಂಶವು ದೊರೆಯುತ್ತದೆ. ಸತ್ತ ಕ್ರಿಮಿಯೂ ಇದರಲ್ಲಿ ಲೆಕ್ಕಕ್ಕೆ ಬರುವುದೆಂದೂ, ಯಂತ್ರಕ್ಕೂ ನುರಿತ ಸಿಬ್ಬಂದಿಗೂ ಹಣ ಹೆಚ್ಚೆಂದೂ ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆಯು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಹಣವುಳಿಸಲೆಂದು ಹಳಸಿದ ವರದಿಯನ್ನು ಜನರಿಗೆ ಬಡಿಸುವುದು ಎಂತಹ ಮಿತವ್ಯಯ?

ಸಣ್ಣ ಊರುಗಳ ಪಾಡು ಇನ್ನೂ ಕಷ್ಟ. ಸ್ನಾನತೀರಗಳನ್ನು ಕುರಿತು ೨೦೦೦ದಲ್ಲಿ ಆದ ಅಮೆರಿಕದ ಶಾಸನವು ಸಮುದ್ರತೀರಕ್ಕೂ ಮಿಚಿಗನ್ ಮೊದಲಾದ ಮಹಾಸರೋವರಗಳಿಗೂ ಅನ್ವಯಿಸುವುದೇ ಹೊರತು ಒಳನಾಡಿನ ಕೆರೆಗಳಿಗಲ್ಲ. ಅಲ್ಲಿ ಪರೀಕ್ಷೆಯು ಸಂಸ್ಥಾನದ, ಇಲ್ಲವೆ ಊರಿನವರ ಮನಸ್ಸಿಗೆ ಬಿಟ್ಟದ್ದು. ಅಂತಹ ಊರುಗಳು ಹೊಸ ಯಂತ್ರವನ್ನು ಕೊಳ್ಳಲಾರವೆಂದೇ ಇಟ್ಟುಕೊಳ್ಳೋಣ. ನೀರನ್ನು ತುಂಬಿಕೊಂಡ ದಿನವನ್ನೂ ವೇಳೆಯನ್ನೂ ಫಲಕದ ಮೇಲೆ ದಪ್ಪಕ್ಷರಗಳಲ್ಲಿ ಬರೆಯುವುದಕ್ಕೆ ಬೇಕಾದುದು ಒಂದು ಸೀಮೆಸುಣ್ಣದ ತುಂಡು. ಅಷ್ಟನ್ನು ಈ ಬೇಸಗೆಯಿಂದಲೇ ಮಾಡಬಹುದು.