ಮಕ್ಕಳ ಅನ್ನ ಬೊಕ್ಕಸದ ಹೊಣೆ

ಹಸಿವು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬರಗಾಲದ ಚಿತ್ರ: ಒಣಗಿದ ಹೊಲ, ಬರಿದಾದ ಕಣಜ, ಗುಳೆ ಹೊರಟ ಸಂಸಾರ. ಕ್ಷಾಮದ ಆ ಹಸಿವು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಆದರೆ ಹೊಟ್ಟೆ ತುಂಬಿದಂತೆ ಕಂಡರೂ ಒಡಲು ಸೊರಗುತ್ತಿರುವ ಇನ್ನೊಂದು ಬಗೆಯ ಹಸಿವು ಉಳಿದುಕೊಂಡಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನವರಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದ್ದಿತು. ಇವರೆಲ್ಲ ನಮ್ಮ ಊರಿನ, ನಮ್ಮ ಓಣಿಯ ಮಕ್ಕಳು. ಇವರ ಹಸಿವನ್ನು ನೀಗಿಸುವ ವೆಚ್ಚವನ್ನು ಸಾರ್ವಜನಿಕ ಬೊಕ್ಕಸವೇ ವರ್ಷದಿಂದ ವರ್ಷಕ್ಕೆ ತಪ್ಪದೆ ಹೊರತಕ್ಕದ್ದೆಂಬುದು ಈ ಲೇಖನದ ವಾದ. ಈ ವಾದಕ್ಕೆ ಕರುಣೆಯ ಜೊತೆಗೆ ಶರೀರಶಾಸ್ತ್ರದ ಬೆಂಬಲವೂ ಉಂಟು.

ನಾವು ತಿಂದ ಆಹಾರದಲ್ಲಿ ಮಿಕ್ಕ ಮೇದಸ್ಸನ್ನು ದೇಹವು ಚರ್ಮದ ಅಡಿಯಲ್ಲಿ ಕೂಡಿಡುತ್ತದೆ. ಪಿಷ್ಟದಿಂದ ದೊರೆತ ಸಕ್ಕರೆಯಲ್ಲಿ ಸ್ವಲ್ಪವನ್ನು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜೆನ್ ರೂಪದಲ್ಲಿ ಉಳಿಸಿಕೊಳ್ಳುತ್ತದೆ. ಆದರೆ ಸಸಾರಜನಕಕ್ಕೆ, ಎಂದರೆ ಪ್ರೋಟೀನಿಗೆ, ಇಂತಹ ಉಗ್ರಾಣವಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಬಂದುದು ಶಕ್ತಿಗಾಗಿ ಉರಿದುಹೋಗುತ್ತದೆ. ಅದರಲ್ಲಿದ್ದ ಸಾರಜನಕ ಮೂತ್ರದೊಡನೆ ಹೊರಬೀಳುತ್ತದೆ. ಕೊರತೆಯಾದಾಗಲಾದರೋ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಆದುದರಿಂದ ಹಬ್ಬದ ದಿನ ಸಮೃದ್ಧವಾಗಿ ಉಂಡ ಮಗು ಆ ಒಂದು ಊಟದ ಬಲದಿಂದ ತಿಂಗಳೆಲ್ಲ ಬೆಳೆಯಲಾರದು. ಬೆಳೆಯುವ ಮಗುವಿಗೆ ಪೋಷಣೆ ನಿತ್ಯವೂ ದೊರೆಯಬೇಕು.

ಪಡಿತರದ ಅಕ್ಕಿಯೊಂದರಿಂದಲೇ ಈ ಕೆಲಸವಾಗದು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿಯುಂಟು. ಆದರೆ ಪ್ರೋಟೀನು ಏಳೆಂಟು ಗ್ರಾಂ ಮಾತ್ರ, ಅದರಲ್ಲಿಯೂ ಲೈಸೀನ್ ಎಂಬ ಅಗತ್ಯದ ಅಂಶ ಕಡಿಮೆ. ಬೇಳೆ, ಹಾಲು, ಮೊಟ್ಟೆಗಳು ಆ ಕೊರತೆಯನ್ನು ತುಂಬುತ್ತವೆ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಉತ್ತಮ ಪ್ರೋಟೀನಿದೆ.

ಇದು ನಮಗೆ ಇಂದು ಹೊಸದಾಗಿ ತಿಳಿದ ವಿಷಯವೇನೂ ಅಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ, ಬಡವರ ಊಟಕ್ಕೆ ಬಲ ಕೊಡುವ ಆಹಾರವನ್ನು ಆ ದಶಕದಲ್ಲಿಯೇ ಸಿದ್ಧಪಡಿಸಿದ್ದರು. ಶಾಲೆಯಲ್ಲಿ ಊಟ ಕೊಡುವ ಪ್ರಯೋಗ ಇನ್ನೂ ಹಳೆಯದು. ಮದರಾಸು ನಗರಸಭೆ ಅದನ್ನು 1920ರಲ್ಲಿಯೇ ಮಾಡಿತ್ತು. ಕೊನೆಗೆ 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕಾರಿ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನುಳ್ಳ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕೆಂದು ಆದೇಶಿಸಿತು. ಇಲ್ಲಿ ಗಮನಿಸತಕ್ಕದ್ದು ಆ 200 ದಿನಗಳ ಮಾತು. ಊಟದ ಪ್ರಮಾಣದಷ್ಟೇ ಅದರ ನಿರಂತರತೆಯೂ ಮುಖ್ಯವೆಂಬ ವಿಜ್ಞಾನದ ತತ್ತ್ವ ಅಲ್ಲಿ ಕಾನೂನಿನ ರೂಪ ತಾಳಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು.

ದಾಸೋಹವೆಂಬ ಹೆಸರು ನಮ್ಮ ನಾಡಿಗೆ ಒಪ್ಪುವಂಥದು. ಸಿದ್ಧಗಂಗೆ, ಧರ್ಮಸ್ಥಳದಂತಹ ಕ್ಷೇತ್ರಗಳಲ್ಲಿ ಹಸಿದು ಬಂದವರಿಗೆ ಅನ್ನವಿಕ್ಕುವ ಪರಂಪರೆಯನ್ನು ನಾವೆಲ್ಲರೂ ಬಲ್ಲೆವು. ಹೀಗಿರುವಾಗ ಬೊಕ್ಕಸವೇಕೆ, ದಾನಿಗಳು ಸಾಲದೆ ಎಂದು ಕೆಲವರು ಕೇಳಬಹುದು. ಶಾಲೆಯ ಮೊಟ್ಟೆಯ ಸಂಗತಿಯೇ ಇದಕ್ಕೆ ಉತ್ತರ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲಾಮಕ್ಕಳಿಗೆ ಮೊಟ್ಟೆ ಕೊಡುವ ಕಾರ್ಯ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರು. ಸರಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದುದನ್ನು ಆರು ದಿನಕ್ಕೆ ಏರಿಸಲು, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳ ಅವಧಿಗೆ ಸುಮಾರು 1,500 ಕೋಟಿ ರೂಪಾಯಿಗಳ ನೆರವಿನ ಒಪ್ಪಂದ ಮಾಡಿಕೊಂಡಿತು. ಅತ್ಯಂತ ಸ್ತುತ್ಯವಾದ ಔದಾರ್ಯವಿದು. ಆದರೆ ಯಾವ ದಾನಿಯಾದರೂ ತನ್ನ ದಾನಕ್ಕೆ ಅವಧಿ ಹಾಕಿಕೊಳ್ಳುವುದು ಸಹಜ. ಮಗುವಿನ ಎಲುಬು ಸ್ನಾಯುಗಳ ಬೆಳವಣಿಗೆ ಒಪ್ಪಂದದ ಅವಧಿಗೆ ಹೊಂದಿಕೊಳ್ಳುವುದಿಲ್ಲ. ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯದನ್ನು ಮುಗಿಸಲು ಹತ್ತು ವರ್ಷ ಬೇಕು. ಅವಧಿ ಮುಗಿದ ಮೇಲೆ ತಟ್ಟೆಯಲ್ಲಿ ಏನಿರುತ್ತದೆ ಎಂಬುದು ಯಾರ ಮರ್ಜಿಗೂ ಸೇರಿದ ಪ್ರಶ್ನೆಯಾಗಬಾರದು.

ಹಾಗಾದರೆ ಇಷ್ಟು ಹಣವನ್ನು ಸರಕಾರ ತರುವುದೆಲ್ಲಿಂದ? ಲೆಕ್ಕ ಹಾಕಿ ನೋಡೋಣ. ಮೇಲಿನ ನೆರವು ವರ್ಷಕ್ಕೆ ಸುಮಾರು 500 ಕೋಟಿಯಾಗುತ್ತದೆ. 2025-26ರ ರಾಜ್ಯದ ಆಯವ್ಯಯದ ಗಾತ್ರ 4,09,549 ಕೋಟಿ. ಎಂದರೆ ಸರಕಾರ ಖರ್ಚು ಮಾಡುವ ಸಾವಿರ ರೂಪಾಯಿಯಲ್ಲಿ ಸುಮಾರು ಒಂದೂಕಾಲು ರೂಪಾಯಿ. ಇದು ಶಕ್ತಿಗೆ ಮೀರಿದ ಹೊರೆಯೆಂದು ಯಾರೂ ಹೇಳಲಾರರು.

ಈ ವೆಚ್ಚ ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಆಕ್ಷೇಪವೂ ಉಂಟು. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ 1969ರಿಂದ 1977ರವರೆಗೆ ನಡೆದ ಪ್ರಯೋಗವೊಂದು ಇದಕ್ಕೆ ಸಮಾಧಾನ ಹೇಳುತ್ತದೆ. ಅಲ್ಲಿ ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನುಳ್ಳ ಗಂಜಿಯನ್ನೂ, ಬೇರೆ ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನಿಲ್ಲದ ಸಿಹಿ ಪಾನೀಯವನ್ನೂ ಕೊಟ್ಟರು. ಹುಟ್ಟಿನಿಂದ ಎರಡು ವರ್ಷದವರೆಗೆ ಗಂಜಿ ದೊರೆತ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಗಳಿಸುತ್ತಿದ್ದ ಕೂಲಿ ಸರಾಸರಿ ಶೇಕಡ 46ರಷ್ಟು ಹೆಚ್ಚಾಗಿದ್ದಿತೆಂದು 2008ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳ ಕೂಲಿಯಲ್ಲಿ ಈ ಅಂತರ ಕಾಣಲಿಲ್ಲ. ಮೂರು ವರ್ಷ ದಾಟಿದ ಮೇಲೆ ಗಂಜಿ ಕುಡಿದವರ ಕೂಲಿಯೂ ಹೆಚ್ಚಲಿಲ್ಲ. ಹೀಗೆ ಎಳವೆಯ ಪೋಷಣೆ ಬೆವರಿನ ಬೆಲೆಯಾಗಿ ಹಿಂದಿರುಗಬಲ್ಲದು. ಆದರೆ ಅದಕ್ಕೆ ಕಾಲದ ಮಿತಿಯುಂಟು. ಆದುದರಿಂದ ಶಾಲೆಯ ತಟ್ಟೆಯ ಜೊತೆಗೆ ಅಂಗನವಾಡಿಯ ಬಟ್ಟಲನ್ನೂ, ಗರ್ಭಿಣಿಯರ ಊಟವನ್ನೂ ಬೊಕ್ಕಸ ಮೊದಲು ನೆನೆಯಬೇಕು.

ತೆರಿಗೆಯೆಂಬುದು ನಾವೆಲ್ಲರೂ ಕೂಡಿ ನಡೆಸುವ ದಾಸೋಹ. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ಅದರಲ್ಲಿ ಪಾಲುದಾರ. ಆದಕಾರಣ ಅಲ್ಲಿಂದ ಬಂದ ಅನ್ನ ಮಗುವಿನ ಹಕ್ಕು, ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ವಿದ್ಯಾರ್ಥಿಮಿತ್ರರು ಮುಂದಿನ ಆಯವ್ಯಯ ಪತ್ರ ಮಂಡನೆಯಾದಾಗ ರಸ್ತೆ ಸೇತುವೆಗಳ ಅಂಕಿಗಳ ನಡುವೆ ಈ ಬಾಬ್ತನ್ನು ಹುಡುಕಿ ನೋಡಲಿ. ಅದು ಕಳೆದ ವರ್ಷಕ್ಕಿಂತ ಏರಿದೆಯೆ, ಇಳಿದಿದೆಯೆ ಎಂದು ಗುರುತಿಸಲಿ. ಇಳಿದಿದ್ದರೆ ತಮ್ಮ ಶಾಸಕರಿಗೆ ಒಂದು ಕಾಗದ ಬರೆದು ಕಾರಣ ಕೇಳಲಿ.